ಲಾಗಿನಲ್ಲಿ ಇಲ್ಲದ ದಿನಗಳು

ಮೇ ತಿಂಗಳಲ್ಲಿ ನನ್ನ ಮೊಬೈಲು ಸುಮ್ಮನಿರುವ ಜಾತಿಯದಲ್ಲ. ಸೊಲ್ಲಾಪುರದ ಹತ್ತಿರದ ಚಿಂಚೋಳಿ ಎಂಐಡಿಸಿ ಕೈಗಾರಿಕಾ ವಸಾಹತಿನ ನಮ್ಮ ಔಷಧ ಗೋದಾಮಿನಲ್ಲಿ ಯಾರಾದರೂ ಶೀತಕೋಣೆಯ ಬಾಗಿಲನ್ನು ತುಸು ಹೊತ್ತು ತೆರೆದಿಟ್ಟರೂ ಸಾಕು, ಒಳಗೆ ಎಂಟು ಡಿಗ್ರಿ ದಾಟಿತು ಎಂದು ಟಿಂಗ್ ಅನ್ನುತ್ತದೆ. ಅಕ್ಕಲಕೋಟೆ ಶಾಖೆಯ ಫ್ರಿಜ್ಜಿನದೂ ಅದೇ ರಾಗ. ಊಟಕ್ಕೆ ಕೂತರೆ ಟಿಂಗ್, ನಮ್ಮೂರು ಹೋಟಗಿಯ ಬಸ್ಸಿನಲ್ಲಿ ಟಿಂಗ್. ನನಗಿನ್ನೂ ಮದುವೆಯಾಗಿಲ್ಲ. ಆದರೂ ಅವ್ವ ಆ ಸಪ್ಪಳಕ್ಕೆ 'ನಿನ್ನ ಅತ್ತಿ' ಎಂದು ಹೆಸರಿಟ್ಟಿದ್ದಾಳೆ.

ಆ ಗುರುವಾರ ಬೆಳಿಗ್ಗೆ ರೊಟ್ಟಿ ಕಟ್ಟಿಕೊಡುತ್ತ ಅವ್ವ ಕೇಳಿದಳು, "ಯಾಕವಾ, ನಿನ್ನ ಅತ್ತಿ ತವರಿಗೆ ಹೋಗ್ಯಾಳೇನು? ಐದಾರು ದಿನ ಆತು, ಸಪ್ಪಳನ ಇಲ್ಲ."

ನಾನು ನಕ್ಕು ಬಸ್ ಹತ್ತಿದೆ. ಕಿಟಕಿಯಿಂದ ಬಿಸಿಗಾಳಿ ಮುಖಕ್ಕೆ ಬಡಿಯಿತು. ಇಂಥ ಬಿಸಿಲಿನಲ್ಲಿ, ದಿನಕ್ಕೆ ಹತ್ತು ಸಲ ಬಾಗಿಲು ತೆಗೆಯುವ ಹಮಾಲರಿರುವ ಗೋದಾಮಿನಲ್ಲಿ, ಐದಾರು ದಿನ ಒಂದೂ ಎಚ್ಚರಿಕೆ ಬರಲಿಲ್ಲವೆ? ಎಲ್ಲ ಚೆನ್ನಾಗಿದ್ದರೂ ಅಷ್ಟು ಚೆನ್ನಾಗಿ ಇರಲು ಸಾಧ್ಯವಿಲ್ಲ. ಮೊಬೈಲನ್ನು ಕೈಯಲ್ಲಿ ಹಿಡಿದು ಇಡೀ ದಾರಿ ಅದನ್ನೇ ನೋಡುತ್ತ ಹೋದೆ. ಅದು ಕಲ್ಲಿನ ಹಾಗೆ ಕೂತಿತ್ತು.

ನಮ್ಮ ಸರ್ವರ್ ದೊಡ್ಡ ಕಂಪನಿಯ ಕೋಣೆಯಲ್ಲೇನೂ ಇಲ್ಲ. ಪ್ಯಾಕಿಂಗ್ ಟೇಬಲ್ಲಿನ ಹಿಂದೆ, ಊದಿನಕಡ್ಡಿ ಹಚ್ಚಿದ ಗಣಪತಿಯ ಕೆಳಗೆ ಒಂದು ಕರಿ ಡಬ್ಬಿ. ಅದನ್ನು ನೋಡಿಕೊಳ್ಳುವವಳು ನಾನೊಬ್ಬಳೇ. ಅದರಲ್ಲಿ ಎರಡು ಕೆಲಸ ನಡೆಯುತ್ತವೆ. ಒಂದು ಬಿಲ್ಲು ಮಾಡುವುದು. ಇನ್ನೊಂದು, ಚಿಂಚೋಳಿ ಮತ್ತು ಅಕ್ಕಲಕೋಟೆಯ ಸೆನ್ಸರುಗಳು ಕಳಿಸುವ ತಾಪಮಾನವನ್ನು ಲಾಗ್ ಫೈಲಿನಲ್ಲಿ ಸಾಲುಸಾಲಾಗಿ ಬರೆಯುವುದು. ಅಂಕಿ ಮೀರಿದರೆ ನಮ್ಮ ಮೂವರಿಗೆ ಎಸ್ಎಂಎಸ್ ಹೋಗುತ್ತದೆ: ನನಗೆ, ಮಾಲೀಕರಿಗೆ, ಅಕ್ಕಲಕೋಟೆ ಶಾಖೆ ನಡೆಸುವ ಅವರ ತಮ್ಮನಿಗೆ. ಮಾಲೀಕರನ್ನು ಗೋದಾಮಿನಲ್ಲಿ ಎಲ್ಲರೂ ಅಣ್ಣಾವ್ರು ಅನ್ನುತ್ತಾರೆ, ತಮ್ಮನನ್ನು ಕಾಕಾ ಅನ್ನುತ್ತಾರೆ. ಆ ಪ್ರೋಗ್ರಾಂ ಬರೆದ ಪುಣ್ಯಾತ್ಮ ಒಂದು ಕ್ರಮ ಇಟ್ಟಿದ್ದ. ಮೊದಲು ಲಾಗಿನಲ್ಲಿ ಸಾಲು ಬರೆಯಬೇಕು, ಆಮೇಲೆ ಎಸ್ಎಂಎಸ್ ಕಳಿಸಬೇಕು. ಬರೆಯಲು ಆಗದಿದ್ದರೆ ಏನು ಮಾಡಬೇಕೆಂದು ಅವನು ಹೇಳಿರಲಿಲ್ಲ.

ಲಾಗಿನ ಕೊನೆಯ ಸಾಲು ನೋಡಿದೆ. ಶುಕ್ರವಾರ ಮಧ್ಯಾಹ್ನದ್ದು. ಅದೂ ಅರ್ಧಕ್ಕೆ ನಿಂತಿತ್ತು. ಅಕ್ಕಲಕೋಟೆ ಎಂದು ಬರೆದು, ಅಂಕಿ ಬರೆಯುವಷ್ಟರಲ್ಲಿ ಮುಗಿದಿತ್ತು.

ಡಿಸ್ಕಿನ ಲೆಕ್ಕ ಕೇಳಿದೆ. ಬಿಲ್ಲುಗಳಿರುವ ಭಾಗದಲ್ಲಿ ಬೇಕಾದಷ್ಟು ಜಾಗವಿತ್ತು, ಅದಕ್ಕೇ ಯಾರಿಗೂ ಏನೂ ಗೊತ್ತಾಗಿರಲಿಲ್ಲ. ಲಾಗುಗಳಿಗೆಂದು ಬೇರೆ ತೆಗೆದಿಟ್ಟ ಭಾಗ ಮಾತ್ರ ನೂರಕ್ಕೆ ನೂರು ತುಂಬಿತ್ತು. ಯಾವ ಫೈಲು ಇಷ್ಟು ತಿಂದಿದೆ ಎಂದು ಹುಡುಕಿದರೆ ಬಿಲ್ಲಿಂಗ್ ಪ್ರೋಗ್ರಾಮಿನ ಲಾಗು. ಅದು ಒಂದು ಬಿಲ್ಲಿಗೆ ಹರಿಕಥೆಯಷ್ಟು ಬರೆಯುತ್ತದೆ. ಅದು ಹೊಸದಲ್ಲ. ಹಳೆಯ ಲಾಗುಗಳನ್ನು ದಿನವೂ ಮಡಚಿ, ಹಿಂಡಿ, ತೀರಾ ಹಳೆಯವನ್ನು ಎಸೆಯಲು ಲಾಗ್‌ರೋಟೇಟ್ ಎಂಬ ಕೆಲಸಗಾರನಿದ್ದಾನೆ. ಅವನು ಎಲ್ಲಿ ಹೋದ?

ಅವನು ಎಲ್ಲಿಗೂ ಹೋಗಿರಲಿಲ್ಲ. ದಿನವೂ ಬೆಳಿಗ್ಗೆ ಬಂದಿದ್ದ, ಬಾಗಿಲಲ್ಲೇ ನಿಂತು ಒಂದೇ ಮಾತು ಹೇಳಿ ವಾಪಸು ಹೋಗಿದ್ದ: ಈ ಡೈರೆಕ್ಟರಿಯಲ್ಲಿ ಯಾರು ಬೇಕಾದರೂ ಬರೆಯಬಹುದು, ಇದು ಭದ್ರವಿಲ್ಲ, ಇಲ್ಲಿನ ಫೈಲುಗಳನ್ನು ನಾನು ಮುಟ್ಟುವುದಿಲ್ಲ. ಆ ಮಾತನ್ನೂ ಸಿಸ್ಟಂ ಲಾಗಿನಲ್ಲೇ ಬರೆದು, ತುಂಬುತ್ತಿದ್ದ ಡಿಸ್ಕಿಗೆ ತನ್ನದೂ ಒಂದು ಸಾಲು ಸೇರಿಸಿದ್ದ.

ಡೈರೆಕ್ಟರಿಯ ಪರ್ಮಿಷನ್ ನೋಡಿದೆ. ಏಳು ಏಳು ಏಳು. ಒಡೆಯನಿಗೊಂದು ಅಂಕಿ, ಅವನ ಗುಂಪಿಗೊಂದು, ಉಳಿದ ಲೋಕಕ್ಕೊಂದು. ಏಳೆಂದರೆ ಎಲ್ಲ ಹಕ್ಕೂ ಇದ್ದಂತೆ. ಮೂರಕ್ಕೂ ಏಳು ಕೊಡುವುದೆಂದರೆ ಮನೆಯ ಬಾಗಿಲು ಕಿತ್ತು ಅಂಗಳದಲ್ಲಿ ಒರಗಿಸಿಟ್ಟ ಹಾಗೆ.

ಹೀಗೇಕೆ ಆಯಿತೆಂದು ನನಗೆ ಗೊತ್ತಿತ್ತು, ಗೋದಾಮಿನಲ್ಲಿ ಎಲ್ಲರಿಗೂ ಗೊತ್ತಿರುವ ಕಥೆ ಅದು. ನಾನು ಸೇರುವ ಮೊದಲು, ಸರ್ವರ್ ನೋಡಿಕೊಳ್ಳುತ್ತಿದ್ದ ಹಿಂದಿನ ಗುತ್ತಿಗೆಯವನ ಕಾಲದಲ್ಲಿ, ಕಾಕಾ ಒಮ್ಮೆ ತಾಪಮಾನದ ಫೈಲು ತೆರೆಯಲು ಹೋದಾಗ ಪರದೆಯ ಮೇಲೆ 'ನಿಮಗೆ ಪರವಾನಗಿ ಇಲ್ಲ' ಎಂದು ಬಂದಿತ್ತಂತೆ. ಆ ಮನೆತನದಲ್ಲಿ ತಿಜೋರಿಯ ಕೀಲಿಕೈ ದೇವರ ಕೋಣೆಯ ಮೊಳೆಗೆ ನೇತಾಡುತ್ತದೆ. ಯಾರು ಬೇಕಾದರೂ ತೆಗೆಯಬಹುದು, ಯಾರೂ ಕೇಳುವುದಿಲ್ಲ. ಒಬ್ಬರ ಕಪಾಟಿಗೆ ಇನ್ನೊಬ್ಬರು ಬೀಗ ಹಾಕಿದರೆ ಹಿಸ್ಸೆ ಕೇಳಿದ ಹಾಗೆಯೇ ಲೆಕ್ಕ. ಕಾಕಾ ಅಂದು ಊಟದ ತಾಟಿನಿಂದ ಎದ್ದುಹೋದರಂತೆ. "ನಮ್ಮ ಮನ್ಯಾಗ ನನಗ ಪರವಾನಗಿ ಇಲ್ಲಾ?" ಮನೆಯೊಂದು ಮೂರು ಬಾಗಿಲು ಆದೀತೆಂದು ಹೆದರಿದ ಅಣ್ಣಾವ್ರು ಗುತ್ತಿಗೆಯವನಿಗೆ, "ಎಲ್ಲಾ ತೆರದು ಬಿಡು, ಎಲ್ಲಾರಿಗೂ ತೆರದು ಬಿಡು" ಎಂದರಂತೆ. ಅವನು ಅಕ್ಷರಶಃ ಹಾಗೇ ಮಾಡಿಹೋಗಿದ್ದ. ಲಾಗಿನ ಡೈರೆಕ್ಟರಿಗೂ ಆ ಕೈ ತಾಗಿರುವುದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಮೊದಲು ಆ ದೊಡ್ಡ ಫೈಲನ್ನು ಪೆನ್‌ಡ್ರೈವಿಗೆ ನಕಲು ಮಾಡಿಕೊಂಡು, ಇಲ್ಲಿಂದ ಅಳಿಸಿದೆ. ಡಿಸ್ಕ್ ಮತ್ತೆ ನೋಡಿದರೆ ಅದೇ ನೂರು. ಒಂದು ಚೂರೂ ಇಳಿದಿಲ್ಲ. ಇನ್ನೊಂದು ಸಲ ನೋಡಿದರೂ ನೂರು. ಆಮೇಲೆ ಹೊಳೆಯಿತು, ಫೈಲಿನ ಹೆಸರು ಅಳಿದಿತ್ತು, ಆದರೆ ಬಿಲ್ಲಿಂಗ್ ಪ್ರೋಗ್ರಾಂ ಅದನ್ನಿನ್ನೂ ಬಿಗಿಯಾಗಿ ಹಿಡಿದು ಕೂತಿತ್ತು. ಹಿಡಿದವನು ಬಿಡುವ ತನಕ ಜಾಗ ಬಿಡುಗಡೆಯಾಗದು. ಅದನ್ನು ನಿಲ್ಲಿಸಿ ಹೊಸದಾಗಿ ಶುರು ಮಾಡಿದೆ. ಕೌಂಟರಿನಿಂದ ಕೂಗಾಟ ಕೇಳಿತು, "ಏ ಅಕ್ಕಾ, ಬಿಲ್ ನಿಂತಾವ!" ಡಿಸ್ಕ್ ಒಮ್ಮೆಲೆ ಖಾಲಿಯಾಯಿತು. ತಾಪಮಾನದ ಪ್ರೋಗ್ರಾಮನ್ನೂ ಎಬ್ಬಿಸಿದೆ. ಸಾಲು ಬಂತು. ಚಿಂಚೋಳಿ ನಾಲ್ಕೂವರೆ. ಅಕ್ಕಲಕೋಟೆ ನಾಲ್ಕು.

ಅಣ್ಣಾವ್ರು ಬೆನ್ನ ಹಿಂದೆ ನಿಂತು ನೋಡುತ್ತಿದ್ದರು. "ನಾಕು ಅದ ಅಲ್ಲಾ? ಮುಗೀತು. ಸುಮ್ಮ ಜೀವ ಯಾಕ ತಿನಾಕತ್ತಿ?"

"ಇದು ಈಗಿನ ನಾಕು ರೀ. ಶುಕ್ರವಾರದಿಂದ ಎಷ್ಟಿತ್ತು ಯಾರಿಗೆ ಗೊತ್ತು?"

ಚಿಂಚೋಳಿಯ ಬಗ್ಗೆ ಹೆದರಿಕೆ ಇರಲಿಲ್ಲ, ಇಲ್ಲಿನ ಜನರೇಟರು ತಾನೇ ಶುರುವಾಗುತ್ತದೆ. ಅಕ್ಕಲಕೋಟೆಯದನ್ನು ಕೈಯಿಂದ ತಿರುಗಿಸಬೇಕು. ಕಾಕಾಗೆ ಫೋನ್ ಹಚ್ಚಿ, ಲೈಟು ಹೋಗಿತ್ತೇನೆಂದು ಕೇಳಿದೆ.

"ಶನಿವಾರ ಸಂಜಿಕ ಏನು ಗಾಳಿ ಅಂತಿ! ಗಲ್ಲ್ಯಾಗ ಕಂಬನ ಬಿತ್ತು. ಸೋಮವಾರ ಮುಂಜಾನಿ ಬಂತು ಲೈಟು."

"ಜನರೇಟರ್ ಹಚ್ಚಿದ್ರಿಲ್ಲೋ?"

"ಯಾಕ ಹಚ್ಚಲಿ? ಮನಿ ಇರೂದು ಬ್ಯಾರೆ ಗಲ್ಲ್ಯಾಗ, ಅಂಗಡಿ ಬಂದ್ ಇತ್ತು. ಮತ್ತ ನಿನ್ನ ಮೆಸೇಜ್ ಬಂದಿಲ್ಲಲ್ಲಾ! ಮೆಸೇಜ್ ಬಂದಿಲ್ಲ ಅಂದ್ರ ಫ್ರಿಜ್ ಬರೋಬರಿ ಅದ ಅಂತ ನೀನ ಹೇಳಿದ್ದಿ."

ಹೌದು, ನಾನೇ ಹೇಳಿದ್ದೆ. ಅಲ್ಲಿನ ಸೆನ್ಸರು ಬ್ಯಾಟರಿಯದು. ಆ ಶನಿವಾರ, ಭಾನುವಾರ ಅದು ಕೂಗುತ್ತಲೇ ಇದ್ದಿರಬೇಕು. ಕೇಳಿ ಬರೆದುಕೊಳ್ಳಬೇಕಾದ ಸರ್ವರಿನಲ್ಲಿ ಒಂದು ಸಾಲಿನ ಜಾಗ ಇರಲಿಲ್ಲ.

ಫೋನ್ ಇಟ್ಟಾಗ ಅಣ್ಣಾವ್ರ ಮುಖದಲ್ಲೂ ರಕ್ತ ಇರಲಿಲ್ಲ. ಅವರು ಕೆಟ್ಟವರಲ್ಲ. ಹೆದರಿದ ಮನುಷ್ಯ ಹತ್ತಿರದ ಬಾಗಿಲಿಗೆ ಓಡುತ್ತಾನೆ. ಕುರ್ಚಿ ಎಳೆದು ನನ್ನ ಪಕ್ಕ ಕೂತು ದನಿ ಇಳಿಸಿದರು.

"ನೋಡವಾ. ಫೈಲ್ ಎಲ್ಲಾರಿಗೂ ತೆರದದ ಅಲ್ಲಾ? ನಡುವಿನ ದಿವಸಕ್ಕ ನಾಕು, ನಾಕೂವರಿ, ಐದು ಅಂತ ಬರದು ಬಿಡು. ನಾಳಿ ಇನ್‌ಸ್ಪೆಕ್ಟರ್ ಬಂದ್ರ ಖಾಲಿ ಜಾಗ ತೋರಸೂದಾ? ಲೈಸೆನ್ಸ್ ಹೋತಂದ್ರ ನೀನೂ ಮನ್ಯಾಗ, ನಾನೂ ಮನ್ಯಾಗ."

ಅದು ಎಷ್ಟು ಸುಲಭವಿತ್ತು ಎಂಬುದೇ ನನ್ನನ್ನು ನಡುಗಿಸಿತು. ಆ ಫೈಲಿನಲ್ಲಿ ಯಾರು ಬೇಕಾದರೂ ಬರೆಯಬಹುದಿತ್ತು. ನಾನು, ಅಣ್ಣಾವ್ರು, ಬಿಲ್ ಮಾಡುವವ, ಯಾರೂ ಸೈ. ಬರೆದದ್ದು ಯಂತ್ರವೋ ಮನುಷ್ಯನೋ ಎಂದು ಗುರುತೇ ಸಿಗದು. ಹಾಗಾದರೆ ಅದರಲ್ಲಿ ಹಿಂದಿನಿಂದ ಇದ್ದ ನಿಜವಾದ ಸಾಲುಗಳಿಗೂ ಏನು ಬೆಲೆ? ಸೋಮವಾರದಿಂದ ಅಕ್ಕಲಕೋಟೆ ಫ್ರಿಜ್ಜಿನಿಂದ ಏನೇನು ಹೊರಹೋಗಿದೆ ಎಂದು ಬಿಲ್ಲಿಂಗಿನಲ್ಲಿ ತೆಗೆದೆ. ಇನ್ಸುಲಿನ್ ಎರಡು ದವಾಖಾನೆಗಳಿಗೆ ಹೋಗಿತ್ತು. ಮತ್ತೆ, ಸೋಮವಾರ ಮಧ್ಯಾಹ್ನ, ನಾಯಿ ಕಡಿತದ ಲಸಿಕೆ. ಅದರ ಮುಂದೆ ಕಾಕಾ 'ಧರ್ಮಾರ್ಥ' ಎಂದು ಹೊಡೆದಿದ್ದರು.

ಇನ್ಸುಲಿನ್ ಕೆಟ್ಟಿದ್ದರೆ ಸಕ್ಕರೆ ಏರುತ್ತದೆ, ನೋಡಿದವರು ಬದಲಿಸುತ್ತಾರೆ. ಹುಚ್ಚುನಾಯಿಯ ರೋಗ ಹಾಗಲ್ಲ. ಲಸಿಕೆ ಸತ್ತಿದ್ದರೆ ಹೊರಗೆ ಏನೂ ಕಾಣುವುದಿಲ್ಲ. ಕಾಣಲು ಶುರುವಾದ ಮೇಲೆ ಜಗತ್ತಿನ ಯಾವ ಔಷಧವೂ ಇಲ್ಲ. ಹೋಟಗಿಯಲ್ಲಿ ನಾನು ಚಿಕ್ಕವಳಿದ್ದಾಗ ಹಾಗೆ ಸತ್ತವನೊಬ್ಬನ ಮನೆ ನಮ್ಮ ಓಣಿಯಲ್ಲೇ ಇತ್ತು. ನೀರಿನ ತಂಬಿಗೆ ಕಂಡರೆ ಅವನು ಕಿರುಚುತ್ತಿದ್ದದ್ದು ನಮ್ಮ ಮನೆಯ ತನಕ ಕೇಳುತ್ತಿತ್ತು.

"ಅಣ್ಣಾವ್ರ, ನಾನು ಬರಿಯೂದಿಲ್ರಿ," ಎಂದೆ. "ಅಕ್ಕಲಕೋಟಿಗೆ ಹೊಂಟೀನಿ."

ಹೊರಡುವ ಮೊದಲು ಒಂದು ಕೆಲಸ ಮಾಡಿದೆ. ಡೈರೆಕ್ಟರಿಯಿಂದ ಲೋಕದವರ ಬರೆಯುವ ಹಕ್ಕು ಕಿತ್ತೆ. ಹಳೆಯ ತಾಪಮಾನದ ಫೈಲನ್ನು ಯಾರೂ ಮುಟ್ಟದಂತೆ ಬೇರೆ ಹೆಸರಲ್ಲಿ ಎತ್ತಿಟ್ಟು, ಹೊಸ ಫೈಲು ಮಾಡಿ, ಪ್ರೋಗ್ರಾಮಿಗೆ ಅದನ್ನು ತೋರಿಸಿ ಅವಸರದಲ್ಲಿ ಬಸ್‌ಸ್ಟ್ಯಾಂಡಿಗೆ ಓಡಿದೆ. ಬಿಸಿಲು ನೆತ್ತಿಯ ಮೇಲಿತ್ತು.

ಅಕ್ಕಲಕೋಟೆ ಬಸ್ಸಿನಲ್ಲಿ ಕಿಟಕಿಯ ಪರದೆ ಎಳೆದು, ಮೊಬೈಲಿನಿಂದಲೇ ಸರ್ವರಿಗೆ ಹೊಕ್ಕು ಲಾಗು ನೋಡಿದೆ. ಹೊಸ ಫೈಲಿತ್ತು, ಅದರೊಳಗೆ ಒಂದೂ ಸಾಲಿರಲಿಲ್ಲ. ಮತ್ತೆ ಅದೇ ಮೌನ, ಈ ಸಲ ನನ್ನ ಕೈಯಿಂದ. ಫೈಲು ಮಾಡಿದವಳು ನಾನು, ಸರ್ವರಿನ ಒಡೆಯ ರೂಟ್ ಆಗಿ. ಆದ್ದರಿಂದ ಅದು ರೂಟಿನ ಸ್ವತ್ತಾಯಿತು. ತಾಪಮಾನದ ಪ್ರೋಗ್ರಾಂ ಬಡಪಾಯಿ ತನ್ನದೇ ಬೇರೆ ಹೆಸರಲ್ಲಿ ಓಡುತ್ತದೆ, ಅದಕ್ಕೆ ಬರೆಯುವ ಹಕ್ಕೇ ಇಲ್ಲ. ಬಾಗಿಲು ತೆರೆದದ್ದು ಒಂದು ಪೀಡೆಯಾದರೆ ಮುಚ್ಚಿದ್ದು ಇನ್ನೊಂದು. ಒಡೆತನ ಬದಲಿಸುವ ಆದೇಶ ಬರೆಯುವಷ್ಟರಲ್ಲಿ ವಳಸಂಗದ ಹತ್ತಿರ ಸಿಗ್ನಲ್ ಹೋಯಿತು.

ಆಮೇಲಿನ ದಾರಿ ಹೇಗೆ ಕಳೆಯಿತೋ ನನಗೇ ಗೊತ್ತು. ಪಕ್ಕದಲ್ಲಿ ಅಕ್ಕಲಕೋಟೆಯ ಗುಡಿಗೆ, ಸ್ವಾಮಿ ಮಹಾರಾಜರ ದರ್ಶನಕ್ಕೆ ಹೊರಟ ಒಬ್ಬ ಮುದುಕಿ ಮರಾಠಿಯಲ್ಲಿ ಜಪ ಮಾಡುತ್ತಿದ್ದಳು. ನಾನು ಸಿಗ್ನಲ್ಲಿಗಾಗಿ ಮೊಬೈಲು ಎತ್ತಿ ಎತ್ತಿ ನೋಡುವುದು ಕಂಡು ಕುಂಕುಮದ ಪೊಟ್ಟಣದಿಂದ ಹಣೆಗೆ ಹಚ್ಚಿದಳು. ಬೇಡ ಅನ್ನಲಿಲ್ಲ. ಆ ಹೊತ್ತಿಗೆ ಯಾರು ಏನು ಹಚ್ಚಿದರೂ ಹಚ್ಚಿಸಿಕೊಳ್ಳುತ್ತಿದ್ದೆ.

ನಮ್ಮ ಶಾಖೆ ಗುಡಿಯ ದಾರಿಯ ಒಂದು ಗಲ್ಲಿಯಲ್ಲಿದೆ. ಕಾಕಾ ನೀರು ಕೊಟ್ಟರೂ ಕುಡಿಯದೆ, ಕೌಂಟರಿನ ಮೇಲೆ ಮೊಬೈಲಿಟ್ಟು ಆ ಆದೇಶ ಮುಗಿಸಿದೆ. ಫೈಲಿನ ಒಡೆಯ ತಾಪಮಾನದ ಪ್ರೋಗ್ರಾಂ. ಅದಕ್ಕೆ ಬರೆಯುವ ಹಕ್ಕು. ನಮ್ಮ ಗುಂಪಿಗೆ ಓದುವ ಹಕ್ಕು ಮಾತ್ರ. ಲೋಕಕ್ಕೆ ಏನೂ ಇಲ್ಲ. ದಿನವೂ ಹೊಸ ಫೈಲು ಹುಟ್ಟುವಾಗ ಹೀಗೇ ಹುಟ್ಟಬೇಕೆಂದು ಲಾಗ್‌ರೋಟೇಟಿಗೂ ಬರೆದಿಟ್ಟೆ. ಸಾಲುಗಳು ಬರತೊಡಗಿದವು. ನನಗೆ ನಂಬಿಕೆ ಬರಲಿಲ್ಲ. ಫ್ರಿಜ್ಜಿನಿಂದ ಸೆನ್ಸರು ತೆಗೆದು, "ಕಾಕಾ, ಇದನ್ನ ಮುಷ್ಟ್ಯಾಗ ಗಟ್ಟಿ ಹಿಡಕೋರಿ" ಎಂದೆ. ಅವರು ಪ್ರಸಾದದ ಹಾಗೆ ಎರಡೂ ಕೈಯಲ್ಲಿ ಹಿಡಿದು ನಿಂತರು. ತುಸು ಹೊತ್ತಿಗೆ ಇಬ್ಬರ ಮೊಬೈಲೂ ಟಿಂಗ್ ಎಂದವು. ನಾವಿಬ್ಬರೂ ಬೆಚ್ಚಿಬಿದ್ದೆವು.

ಮುಂದಿನ ಪ್ರಶ್ನೆ ಕೇಳಿದೆ. "ಸೋಮವಾರ ಬಾಗಿಲ ತೆಗದಾಗ ಒಳಗ ಬಿಸಿ ಅನಸ್ತೇನ್ರಿ?"

"ಇಲ್ಲಾ, ಲೈಟ್ ಬಂದು ಹೊತ್ತಾಗಿತ್ತು. ತಣ್ಣಗನ ಇತ್ತು." ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬಂತೆ, ಕಾಕಾನ ಕಣ್ಣು ಫ್ರಿಜ್ಜಿನ ಕೆಳಗಿನ ಖಾನೆಗೆ ಹೋಗಿ ಬಂತು. ಅಲ್ಲಿ ಔಷಧದ ಡಬ್ಬಗಳ ಹಿಂದೆ ಒಂದು ಬೆಳ್ಳಿ ಬಟ್ಟಲಿತ್ತು. ನಾನು ನೋಡಿದ್ದನ್ನು ಅವರೂ ನೋಡಿದರು.

"ಅಣ್ಣಗ ಹೇಳಬ್ಯಾಡ," ಎಂದರು ಮೊದಲು. ಆಮೇಲೆ ಕುರ್ಚಿಯಲ್ಲಿ ಕುಸಿದು ಎಲ್ಲ ಹೇಳಿದರು. ಗುಡಿಗೆ ನೈವೇದ್ಯಕ್ಕೆ ಮನೆಯಲ್ಲಿ ಬೆಣ್ಣೆ ಕಡೆಯುತ್ತಾರೆ. ಮನೆಯ ಫ್ರಿಜ್ಜಿನಲ್ಲಿ ಉಳ್ಳಾಗಡ್ಡಿ, ಬಳ್ಳೊಳ್ಳಿ, ಮೊಮ್ಮಕ್ಕಳ ಎಂಜಲು. ದೇವರ ಬೆಣ್ಣೆ ಅಲ್ಲಿಡುವುದು ಹೇಗೆ? ಔಷಧದ ಫ್ರಿಜ್ಜಿನಷ್ಟು ಮಡಿ ಊರಲ್ಲಿ ಇನ್ನೆಲ್ಲಿದೆ? ಔಷಧದ ಜೊತೆ ತಿನ್ನುವ ವಸ್ತು ಇಡಬಾರದೆಂದು ನಿಯಮ ಇರುವುದು ಅವರಿಗೂ ಗೊತ್ತು.

"ಶನಿವಾರ ಉಂಡಿ ಮಾಡಿ ಇಟ್ಟಿದ್ದೆ, ನಿಂಬಿಹಣ್ಣಿನಂಗ ಗುಂಡಗ. ಸೋಮವಾರ ತೆಗದ್ರ ಉಂಡಿ ಇಲ್ಲ. ಬಟ್ಟಲ ತುಂಬ ಸಪಾಟ, ಕನ್ನಡಿ ಹಂಗ ಹೆಪ್ಪುಗಟ್ಟಿತ್ತು."

ಬೆಣ್ಣೆ ಕರಗಿ ನೀರಾಗಿ, ಬಟ್ಟಲಿನ ಆಕಾರಕ್ಕೆ ಬಂದು, ಲೈಟು ಬಂದ ಮೇಲೆ ಮತ್ತೆ ಗಟ್ಟಿಯಾಗಿತ್ತು. ಅಕ್ಕಲಕೋಟೆಯ ಬಿಸಿಲಿನಷ್ಟೇ ಬಿಸಿ ಆ ಫ್ರಿಜ್ಜಿನೊಳಗೂ ಆಗಿತ್ತು ಎಂದಾಯಿತು. ಅಲ್ಲಿಯ ತನಕ 'ಏನೂ ಆಗಿರಲಿಕ್ಕಿಲ್ಲ' ಎಂಬ ಒಂದು ಆಸೆ ಮನಸ್ಸಿನ ಮೂಲೆಯಲ್ಲಿತ್ತು. ಅದು ಹೋಯಿತು. ನಾನೂ ಕೂತುಬಿಟ್ಟೆ.

"ಧರ್ಮಾರ್ಥ ಯಾರಿಗೆ ಕೊಟ್ರಿ?"

"ಗೊಬ್ಬರಕ್ಕಂತ ನಮ್ಮ ಹೊಲದಾಗ ರಾತ್ರಿ ಕುರಿ ತರಬತಾರಲ್ಲಾ, ಆ ಕುರುಬರಾಂವ. ಅವನ ಹೇಣ್ತಿ ಕೈ ಮ್ಯಾಗ ನಾಯಿ ಹರದಿತ್ತವಾ, ಎಲುಬು ಕಾಣ್ತಿತ್ತು. ಬೀರೋಬಾ ದೇವರ ಭಂಡಾರದ ಅರಿಶಿಣ ಹಚ್ಚಿಕೊಂಡು ಬಂದಿದ್ರು. ನಾನ ಬೈದು ಡಾಕ್ಟರ ಕಡೆ ಕರಕೊಂಡು ಹೋಗಿ ಚುಚ್ಚಿಸಿದೆ." ಕಾಕಾ ಬೆಳ್ಳಿ ಬಟ್ಟಲನ್ನು ಫ್ರಿಜ್ಜಿನಿಂದ ಹೊರಗೆ ತೆಗೆದಿಟ್ಟರು. "ಪುಣ್ಯದ ಕೆಲಸ ಅಂತ ಮಾಡಿದ್ನಲ್ಲವಾ."

ಅಣ್ಣಾವ್ರಿಗೆ ಫೋನ್ ಹಚ್ಚಿ ಕೌಂಟರಿನ ಮೇಲಿಟ್ಟೆ. ನಾನು ಹೇಳಬೇಕೆಂದಿದ್ದೆ, ಕಾಕಾ ನನ್ನ ಕೈ ಹಿಡಿದು ತಡೆದು ತಾವೇ ಹೇಳಿದರು. ಬೆಣ್ಣೆಯಿಂದ ಶುರು ಮಾಡಿ ಕುರುಬರ ಹೆಂಗಸಿನ ತನಕ. ಆ ಕಡೆಯಿಂದ ಪ್ಯಾಕಿಂಗ್ ಟೇಪು ಹರಿಯುವ ಸದ್ದು ಮಾತ್ರ ಕೇಳುತ್ತಿತ್ತು. ಅವರು ಬೈಯುತ್ತಾರೆಂದು ಕಾಕಾ ಕಣ್ಣು ಮುಚ್ಚಿದ್ದರು.

"ತಮ್ಮಾ," ಎಂದರು ಅಣ್ಣಾವ್ರು ಕೊನೆಗೆ, "ಮೊದಲ ಆ ಹೆಣ್ಣುಮಗಳನ್ನ ಹುಡುಕ್ರಿ. ದವಾಖಾನೆಗೆ ನಾನು ಫೋನ್ ಮಾಡ್ತೀನಿ, ಎಲ್ಲಾ ಮಾಲು ತಿರಗಿ ತರಸ್ತೀನಿ. ಆ ಹುಡುಗಿ ಅದಾಳೇನು ಅಲ್ಲಿ? ಫೈಲ್ ಖಾಲಿ ಇರಲಿ ಅಂತ ಹೇಳು."

ಕುರುಬನ ಫೋನು ಬಂದ್ ಇತ್ತು. ಅವರು ಚಾರ್ಜ್ ಮಾಡುವುದು ಯಾವುದೋ ಚಹಾದಂಗಡಿಯಲ್ಲಿ, ಸಿಕ್ಕಾಗ. ಮಂದ್ರೂಪದ ಕಡೆ ಕಬ್ಬು ಕಡಿದ ಹೊಲಗಳಿಗೆ ಕುರಿ ಹೊಡೆದುಕೊಂಡು ಹೋಗುತ್ತೇವೆ ಎಂದಿದ್ದರಂತೆ, ಅಷ್ಟೇ ಸುಳಿವು. ಮಾಲು ಹಂಚುವ ಟೆಂಪೊದಲ್ಲಿ ಡ್ರೈವರನ ಜೊತೆ ಕಾಕಾ ಮತ್ತು ನಾನು ಹೊರಟೆವು. ಕುರಿ ಹಿಂಡು ಕಂಡಲ್ಲೆಲ್ಲ ಇಳಿದೆವು. ಒಂದು ಕಡೆ ಬೇರೆಯವರು, ಇನ್ನೊಂದು ಕಡೆ ಬರೀ ಹಿಕ್ಕೆ. ಎಲ್ಲಾದರೂ ಗಾಯ ಹೆಚ್ಚಾಗಿ ಯಾರೋ ಮಂತ್ರ ಹಾಕುವವನ ಕಡೆ ಹೋಗಿದ್ದರೆ? ರಾಜ್ಯದ ಗಡಿ ದಾಟಿ ವಿಜಾಪುರದ ಕಡೆ ಇಳಿದಿದ್ದರೆ? ಕಾಕಾ ಬಾಯಲ್ಲಿ ಸ್ವಾಮಿಯ ಹೆಸರು ನಿಲ್ಲುತ್ತಿರಲಿಲ್ಲ. ಮಂದ್ರೂಪದ ಬಸ್‌ಸ್ಟ್ಯಾಂಡಿನಲ್ಲಿ ಚಹಾದವನೊಬ್ಬ ತನ್ನ ಸ್ವಿಚ್‌ಬೋರ್ಡಿನಲ್ಲಿ ನೇತಾಡುತ್ತಿದ್ದ ಫೋನು ತೋರಿಸಿ, "ಇದು ಅವರದ. ಕಾಲುವಿ ಆಚಿ ಹೊಲದಾಗ ಹಟ್ಟಿ ಹಾಕ್ಯಾರ" ಎಂದ. ಕಾಕಾ ಆ ಫೋನನ್ನು ಕಣ್ಣಿಗೊತ್ತಿಕೊಂಡರು.

ಹೊತ್ತು ಇಳಿದಿತ್ತು, ಬಿಸಿಲಿನ್ನೂ ಸುಡುತ್ತಿತ್ತು. ಜಾಲಿ ಗಿಡದ ಕೆಳಗೆ ಆಕೆ ಕೂತಿದ್ದಳು. ಮುಂಗೈಗೆ ಬಿಳಿ ಪಟ್ಟಿ, ಪಟ್ಟಿಯ ಅಂಚಿಗೆ ಭಂಡಾರದ ಅರಿಶಿಣ. ನನಗಿಂತ ಎರಡು ಮೂರು ವರ್ಷ ದೊಡ್ಡವಳಿದ್ದಾಳು. ಸಾಹುಕಾರರು ಹೊಲಕ್ಕೆ ಬಂದರೆಂದು ಗಡಬಡಿಸಿ ಎದ್ದು ಕೊಡದಿಂದ ತಂಬಿಗೆಯಲ್ಲಿ ನೀರು ಬಗ್ಗಿಸಿದಳು. ನಾನು ತೆಗೆದುಕೊಳ್ಳಲಿಲ್ಲ. "ನೀ ಮೊದಲ ಕುಡಿ," ಎಂದೆ. ನನ್ನನ್ನು ಹುಚ್ಚಿಯೆಂಬಂತೆ ನೋಡಿ, ಎತ್ತಿ ಗಟಗಟ ಕುಡಿದಳು. ಆಕೆಯ ಗಂಟಲನ್ನೇ ನೋಡುತ್ತಿದ್ದೆ. ಇಷ್ಟು ಬೇಗ ಆ ರೋಗ ಕಾಣುವುದಿಲ್ಲ ಎಂದು ತಲೆಗೆ ಗೊತ್ತಿತ್ತು, ಎದೆಗೆ ಗೊತ್ತಿರಲಿಲ್ಲ.

ಕಾಕಾ ವಿಷಯ ಹೇಳಿದಾಗ ಗಂಡ ಕೋಲು ನೆಲಕ್ಕೂರಿ ನಿಂತ. "ಅಂದ್ರ ಅದು ಔಷಧ ಅಲ್ಲಾ?"

"ಔಷಧನ. ಕೆಟ್ಟಿರಬೇಕಪ್ಪಾ. ಫ್ರಿಜ್ ಬಿಸಿ ಆಗಿತ್ತು."

"ಧರ್ಮಕ್ಕ ಕೊಟ್ಟಿದ್ದಲ್ಲಾ, ಅದಕ್ಕ ಹಿಂಗ." ಅವನು ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು. ಕಾಕಾ ತಲೆ ಎತ್ತಲಿಲ್ಲ. ನಾನು ಬೆಣ್ಣೆಯ ಮಾತು, ಮೆಸೇಜಿನ ಮಾತು ಹೇಳಲು ಹೋದೆ. ಡಿಸ್ಕು, ಲಾಗು ಎಂದು ತೊದಲಿದೆ. ಅವನಿಗೆ ಅದು ಯಾಕೆ ಬೇಕು?

ಆಕೆಗೆ ಬೇರೆಯೇ ಚಿಂತೆ. "ಮತ್ತ ಮೊದಲಿಂದ ಚುಚ್ಚಸ್ಕೋಬೇಕಾ? ಇಲ್ಲಿ ಹೆರೂ ಕುರಿ ಅದ, ಇವನ ಕೈಯಾಗ ಆಗೂದಿಲ್ಲ. ನಾ ಒಲ್ಲೆ."

"ಅವ್ವಾ, ನಿನ್ನ ಕುರಿ ನಾ ಕಾಯ್ತೀನಿ," ಎಂದರು ಕಾಕಾ. ಜೀವಮಾನದಲ್ಲಿ ಕುರಿಯ ಹತ್ತಿರ ಹೋಗದ ವ್ಯಾಪಾರಿ, ಬಿಳಿ ಧೋತರ ಉಟ್ಟವರು. ಆಕೆಗೆ ನಗೆ ಬಂತು, ಸೆರಗು ಬಾಯಿಗೆ ಹಿಡಿದಳು. ಆ ನಗೆಯಲ್ಲೇ ಟೆಂಪೊ ಹತ್ತಿದಳು. ಗಂಡ ಹಿಂಡಿನ ಜೊತೆ ಉಳಿದ. ಕಾಕಾ ಅವನ ಜೊತೆ ಉಳಿದರು, ನಿಜವಾಗಿಯೂ.

ಸೊಲ್ಲಾಪುರದ ಸರಕಾರಿ ದವಾಖಾನೆಯ ಡಾಕ್ಟರು ನಾನು ಹೇಳಿದ್ದನ್ನೆಲ್ಲ ಕೇಳಿ ಬೈಯಲಿಲ್ಲ. ಗಾಯ ತೊಳೆಸಿದರು, ಮತ್ತೆ ಮೊದಲಿನಿಂದ ಶುರು ಮಾಡಿದರು, ಗಾಯದ ಸುತ್ತಲೂ ಚುಚ್ಚಿದರು. "ಇನ್ನೂ ವೇಳೆ ಮೀರಿಲ್ಲ ಅನ್ನಬೇಕು. ಆದರ ಇನ್ನ ಮುಂದ ಒಂದೂ ತಪ್ಪಬಾರದು," ಎಂದರು. 'ಅನ್ನಬೇಕು' ಎಂಬ ಅವರ ಮಾತು ನನ್ನ ಜೊತೆ ಮನೆಗೆ ಬಂತು, ತಿಂಗಳುಗಟ್ಟಲೆ ಹೋಗಲಿಲ್ಲ. ಒಂದೂ ತಪ್ಪಲಿಲ್ಲ. ಪ್ರತಿ ಸಲವೂ ಟೆಂಪೊ ಹೋಗಿ ಕರೆತಂದಿತು.

ಇನ್‌ಸ್ಪೆಕ್ಟರ್ ಬಂದಾಗ ಅಣ್ಣಾವ್ರು ಖಾಲಿ ಜಾಗವನ್ನು ತಾವೇ ತೋರಿಸಿದರು. ನೋಟಿಸ್ ಬಂತು, ಅಕ್ಕಲಕೋಟೆಯ ಶಾಖೆ ಕೆಲವು ದಿನ ಮುಚ್ಚಿತು, ಮತ್ತೆ ತೆರೆಯಿತು. ಈಗ ಲಾಗಿನ ಜಾಗ ಅರ್ಧ ತುಂಬಿದರೂ ನನಗೆ ಮೆಸೇಜು ಬರುತ್ತದೆ, ಬೆಳಿಗ್ಗೆ ಒಂದು ಸಲ 'ಎಚ್ಚರ ಇದ್ದೇನೆ' ಎಂದೂ ಬರುತ್ತದೆ. ಅದು ಬರದ ದಿನ ನಾನು ಊಟ ಬಿಟ್ಟು ಓಡುತ್ತೇನೆ. ಕಾಕಾ ಒಂದು ದಿನ ಫೋನ್ ಮಾಡಿ, "ಫೈಲಿನಾಗ ಏನೋ ತಿದ್ದಾಕ ಹೋದೆ. ಪರವಾನಗಿ ಇಲ್ಲ ಅಂತ ಬಂತು," ಎಂದರು. ನಾನು ಉಸಿರು ಹಿಡಿದೆ. "ಏನ್ ತಿದ್ದಾಕ ಹೋಗಿದ್ರಿ?" "ಏನಿಲ್ಲ. ಬರ್ತದೋ ಇಲ್ಲೋ ಅಂತ ನೋಡಿದೆ. ಇರಲಿ, ಹಂಗ ಇರಲಿ."

ಮಳೆಗಾಲ ಪೂರ್ತಿ ಕುರುಬನ ನಂಬರಿನಿಂದ ಫೋನು ಬಂದರೆ ನನ್ನ ಜೀವ ಹೋಗಿ ಬರುತ್ತಿತ್ತು. ಅವನು ಕೇಳುತ್ತಿದ್ದದ್ದು ರಿಚಾರ್ಜ್ ಹೇಗೆ ಮಾಡುವುದು, ಮೊಬೈಲಿನಲ್ಲಿ ಮಳೆ ಯಾವಾಗ ಎಂದು ತೋರಿಸುತ್ತದೆಯೇ, ಇಂಥವು. ಪ್ರತಿ ಸಲವೂ ಕೊನೆಗೆ ನಾನು ಕೇಳುತ್ತಿದ್ದೆ, "ಅಕ್ಕ ಆರಾಮ ಅದಾಳ? ನೀರು ಕುಡಿತಾಳ?" ಅವನಿಗೆ ನನ್ನ ಪ್ರಶ್ನೆ ಅರ್ಥವಾಗುತ್ತಿತ್ತೋ ಇಲ್ಲವೋ. "ಕುಡಿತಾಳ," ಎಂದು ಇಟ್ಟುಬಿಡುತ್ತಿದ್ದ.

ಚಳಿ ಶುರುವಾದ ಮೇಲೆ ಅವರು ಕಾಕಾನ ಹೊಲಕ್ಕೆ ಕುರಿ ತರುಬಲು ಬಂದರು. ಅಂದು ನಾನು ಸೆನ್ಸರಿನ ಬ್ಯಾಟರಿ ಬದಲಿಸಲು ಅಕ್ಕಲಕೋಟೆ ಶಾಖೆಯಲ್ಲಿದ್ದೆ. ಬಾಗಿಲಲ್ಲಿ ನೆರಳು ಬಿತ್ತು. ಆಕೆ ನಿಂತಿದ್ದಳು, 'ನೀರು ಕೊಡವಾ' ಎಂದಳು. ನಾನು ಮಡಿಕೆಯಿಂದ ತಂಬಿಗೆ ತುಂಬಿ ಕೊಟ್ಟೆ. ಅರ್ಧ ನೆಲಕ್ಕೆ ಚೆಲ್ಲಿತು. ಆಕೆ ಕಲೆಬಿದ್ದ ಮುಂಗೈಯಿಂದ ತಂಬಿಗೆ ಎತ್ತಿ, ತಲೆ ಹಿಂದಕ್ಕೆ ಒಗೆದು, ತುಟಿಗೆ ತಾಗಿಸದೆ ಒಂದೇ ಉಸಿರಿಗೆ ಕುಡಿದಳು. ತಂಬಿಗೆ ಕೆಳಗಿಟ್ಟು ಸೆರಗಿನಿಂದ ಬಾಯಿ ಒರೆಸಿಕೊಂಡು ನನ್ನನ್ನು ನೋಡಿದಳು.

"ಹಿಂಗ್ಯಾಕ ಅಳಾಕತ್ತಿ?" ಎಂದಳು. "ಇನ್ನೊಂದು ತಂಬಿಗಿ ಕೊಡು."